ಬೋರ್ಡ್ ಹಸಿರು, ರಿಲೀಸ್ ತಡ

ಸ್ಕ್ರಮ್ ಗೈಡ್ ಪ್ರಕಾರ ಒಂದು ತಂಡದಲ್ಲಿ ಸಾಮಾನ್ಯವಾಗಿ 10 ಜನ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕಟ್ಟುವವರು ನೂರಾರು ಜನ. ತಾರ್ನಾಕದಲ್ಲಿ ಮೆಟ್ರೊ ಹತ್ತಿದವನು ರಾಯದುರ್ಗಂ ತಲುಪುವಷ್ಟರಲ್ಲಿ ಫೋನಿನಲ್ಲೇ ಎಲ್ಲ ತಂಡಗಳ ಬೋರ್ಡ್ ನೋಡಿಬಿಡುತ್ತಿದ್ದೆ. ಎಲ್ಲವೂ ಹಸಿರು. ರಿಲೀಸ್ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಯಾಕೆಂದು ತಿಳಿಯಲು ಒಂದು ಸಣ್ಣ ಕೆಲಸದ ಜಾಡು ಹಿಡಿದೆ. ಇನ್‌ವಾಯ್ಸ್‌ನಲ್ಲಿ ಗ್ರಾಹಕರ ಜಿಎಸ್‌ಟಿ ಸಂಖ್ಯೆ ಬರಬೇಕಿತ್ತು, ಅಷ್ಟೇ. ಡೇಟಾಬೇಸ್ ತಂಡ ತನ್ನ ಸ್ಪ್ರಿಂಟಿನಲ್ಲಿ ಕಾಲಂ ಸೇರಿಸಿ ‘ಡನ್’ ಎಂದಿತು. ಎಪಿಐ ತಂಡ ಅದನ್ನು ಎತ್ತಿಕೊಂಡದ್ದು ಮುಂದಿನ ಸ್ಪ್ರಿಂಟಿನಲ್ಲಿ, ಸ್ಕ್ರೀನ್ ಮಾಡುವವರು ಅದರ ಮುಂದಿನದರಲ್ಲಿ. ಕೊನೆಗೆ ಎಲ್ಲ ಒಟ್ಟು ಸೇರಿಸಿದಾಗ ಸಂಖ್ಯೆ ಒಳಗೇ ಹೋಗಲೊಲ್ಲದು. ಜಿಎಸ್‌ಟಿ ಸಂಖ್ಯೆಯ 15 ಸ್ಥಾನಗಳಲ್ಲಿ ಅಂಕಿಗಳ ಜತೆ ಅಕ್ಷರಗಳೂ ಇರುತ್ತವೆ. ಕಾಲಂ ಅಂಕಿಗಳಿಗೆ ಮಾತ್ರ ಜಾಗ ಕೊಟ್ಟಿತ್ತು. ಮತ್ತೆ ಮೊದಲಿನಿಂದ ಶುರು. ಕೈಕೆಲಸ ಒಂದೆರಡು ದಿನದ್ದು, ಕಾದದ್ದು ತಿಂಗಳುಗಟ್ಟಲೆ.

ಸಂಸ್ಥೆಯೊಳಗಿನ ಮಾತುಕತೆ ಹೇಗಿರುತ್ತದೋ ಆ ಸಂಸ್ಥೆ ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಸ್ಟ್ಯಾಂಡ್‌ಅಪ್, ರೆಟ್ರೊ ಎಲ್ಲ ತಂಡದ ಒಳಗೆ ಚೆನ್ನಾಗಿಯೇ ನಡೆಯುತ್ತಿದ್ದವು. ವಿಳಂಬ ಕೂತಿದ್ದದ್ದು ತಂಡ–ತಂಡಗಳ ನಡುವೆ.

ಹಾಗಾಗಿ ತಂಡಗಳನ್ನೇ ಬಿಡಿಸಿ ಕಟ್ಟಿದೆವು. ಡೇಟಾಬೇಸಿನಿಂದ ಸ್ಕ್ರೀನಿನವರೆಗೆ ಒಂದು ಫೀಚರನ್ನು ಪೂರ್ತಿ ಮುಗಿಸಬಲ್ಲವರು ಒಂದೇ ತಂಡದಲ್ಲಿ. ಎಲ್ಲರ ಕೋಡೂ ದಿನವೂ ಮುಖ್ಯ ಬ್ರ್ಯಾಂಚಿಗೆ. ಅರೆಬರೆ ಕೆಲಸ ಫೀಚರ್ ಫ್ಲ್ಯಾಗ್ ಹಿಂದೆ ಮರೆಯಲ್ಲಿ. ಗ್ರಾಹಕರ ಕೈಗೆ ಹೋಗುವ ಸ್ಥಿತಿಗೆ ಬರುವವರೆಗೆ ಯಾವುದೂ ‘ಡನ್’ ಅಲ್ಲ. ಡೇಟಾಬೇಸ್ ಬಲ್ಲವರು ಚದುರಿಹೋಗುತ್ತಾರೆಂಬ ಆತಂಕಕ್ಕೆ ವಾರಕ್ಕೊಮ್ಮೆ ಅವರಷ್ಟೇ ಸೇರುವ ಏರ್ಪಾಡಾಯಿತು. ಮೊದಮೊದಲು ವೇಗ ಇಳಿಯಿತು. ಹೊಸ ತಂಡ ಎಲ್ಲವನ್ನೂ ಕಲಿಯಬೇಕಲ್ಲ.

ಮೂರು ತಿಂಗಳಿಗೊಮ್ಮೆ ನಡೆಯುವ ದೊಡ್ಡ ಪ್ಲಾನಿಂಗಿನಲ್ಲಿ ಒಬ್ಬರ ಕೆಲಸ ಇನ್ನೊಬ್ಬರನ್ನು ಕಾಯುವಲ್ಲೆಲ್ಲ ಕೆಂಪು ದಾರ ಕಟ್ಟುತ್ತೇವೆ. ಮುಂಚೆ ಪ್ರತಿ ದಾರಕ್ಕೂ ಒಂದು ತಾರೀಖು ಬರೆದು ನಿಶ್ಚಿಂತರಾಗುತ್ತಿದ್ದೆವು. ಈಗ ತಾರೀಖಿಗೆ ಮೊದಲು ಕೇಳುವುದು, ದಾರವನ್ನೇ ಕತ್ತರಿಸಬಹುದೇ ಎಂದು. ಒಬ್ಬ ಎಂಜಿನಿಯರ್ ಕಾಯುತ್ತಿರುವ ತಂಡಕ್ಕೆ ಬಂದು ಕೂತರೆ ಎಷ್ಟೋ ದಾರಗಳು ಅಲ್ಲೇ ಹೋಗುತ್ತವೆ.

ದೊಡ್ಡ ಪ್ರಾಡಕ್ಟಿಗೆ ಅಜೈಲ್ ತರಲು ಹೊರಟವರು ಕೇಳಿದರೆ ನಾನು ಹೇಳುವುದು ಇಷ್ಟೆ: ಯಾವುದಾದರೊಂದು ಫೀಚರ್ ಹಿಡಿದು, ಅದು ಎಲ್ಲೆಲ್ಲಿ ಎಷ್ಟೆಷ್ಟು ದಿನ ಸುಮ್ಮನೆ ಬಿದ್ದಿತ್ತೆಂದು ಬರೆಯಿರಿ. ಹೆಚ್ಚು ದಿನ ಬಿದ್ದಿದ್ದ ಕಡೆಯಿಂದ ಶುರುಮಾಡಿ. ಸ್ಟ್ಯಾಂಡ್‌ಅಪ್ ನಿಂತು ಮಾಡಬೇಕೋ ಕೂತು ಮಾಡಬೇಕೋ ಆಮೇಲೆ ನೋಡಿಕೊಳ್ಳಬಹುದು.