ಆನ್‌ಲೈನ್ ಪಹಣಿ: ಸುಲಭ ಲಭ್ಯತೆ ಮತ್ತು ಖಾಸಗಿತನ

ಮಾಹಿತಿಯನ್ನು ದೂರದ ಸರ್ವರ್‌ಗಳಲ್ಲಿರಿಸಿ ಅಂತರ್ಜಾಲದ ಮೂಲಕ ಪಡೆಯುವ ವ್ಯವಸ್ಥೆಯೇ ಕ್ಲೌಡ್ ಸಂಗ್ರಹ. 2015ರ ಡಿಜಿಲಾಕರ್ ಇದಕ್ಕೆ ಉದಾಹರಣೆ. ಇದೇ ರೀತಿ ಜಮೀನಿನ ದಾಖಲೆಗಳನ್ನು ಅಂತರ್ಜಾಲದಲ್ಲಿ ಒದಗಿಸುವ ಕರ್ನಾಟಕದ ‘ಭೂಮಿ’ ಯೋಜನೆಯಿಂದಾಗಿ ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಬೆಳೆಗಾರರು ಕಚೇರಿಗೆ ಅಲೆಯದೆ ಪಹಣಿಯನ್ನು, ಅಂದರೆ ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ದಾಖಲೆಯನ್ನು, ನೋಡಬಲ್ಲರಾದರೂ, ಸರ್ವೆ ನಂಬರ್ ತಿಳಿದ ಅಪರಿಚಿತರಿಗೂ ಅದರಲ್ಲಿನ ಒಡೆಯನ ಹೆಸರು ಮತ್ತು ಬ್ಯಾಂಕ್ ಸಾಲದ ನಮೂದು ಕಾಣುತ್ತವೆ. ಹಕ್ಕಿನ ವಿವರ ಬಹಿರಂಗವಾಗಿರುವುದು ಜಮೀನು ಕೊಳ್ಳುವವರನ್ನು ವಂಚನೆಯಿಂದ ಕಾಯುತ್ತದೆ, ನಿಜ. ಆದರೆ ಸಾಲದ ವಿವರವನ್ನಾದರೂ ಒಡೆಯನ ಒಪ್ಪಿಗೆಯಿಂದಷ್ಟೇ ತೋರಿಸುವುದು ಬರಪೀಡಿತ ರೈತನ ಘನತೆಗೆ ತಕ್ಕದ್ದು. ಖಾಸಗಿತನದ ಈ ಕಾಳಜಿಗೆ ಕಾನೂನಿನ ಹಿನ್ನೆಲೆಯೂ ಇದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಇದಾದ ಬಳಿಕ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು.