ಪೇಟೆಯ ಬಾಡಿಗೆ ಮನೆ: ದುಡ್ಡು ಕೊಡುವ ಮುನ್ನ ತಿಳಿದಿರಬೇಕಾದ ಕಾನೂನು

ಮಕ್ಕಳ ಓದು, ಹೊಸ ಕೆಲಸ ಅಂತ ಯಡಿಯೂರು, ಅಮೃತೂರು, ಗುಬ್ಬಿ ಕಡೆಯ ಕುಟುಂಬಗಳು ತುಮಕೂರಿನ ಚಿಕ್ಕಪೇಟೆ, ಮಂಡಿಪೇಟೆ, ಅಶೋಕನಗರದಂಥ ಕಡೆ ಮನೆ ಹುಡುಕುತ್ತವೆ. ಊರಿನಲ್ಲಿ ನಾಲ್ಕು ಜನರ ಮುಂದೆ ಆಡಿದ ಮಾತೇ ಸಾಕು. ಪೇಟೆಯಲ್ಲಿ ಮಾಲೀಕರು ಯಾರೋ, ನೀವು ಯಾರೋ. ತಕರಾರು ಎದ್ದ ದಿನ ನಿಮ್ಮ ಪರವಾಗಿ ನಿಲ್ಲುವುದು ಕೈಯಲ್ಲಿರುವ ಕಾಗದ ಮಾತ್ರ.

ಯಾವ ಕಾಯ್ದೆ ಅನ್ವಯಿಸುತ್ತದೆ?

ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಎಂಬ ಮಿತಿ ಅದರಲ್ಲಿದೆ. ಇಂದಿನ ಪೇಟೆ ಮನೆಗಳ ಬಾಡಿಗೆ ಸಾಮಾನ್ಯವಾಗಿ ಇದನ್ನು ಮೀರುತ್ತದೆ. ಅಂಥ ಮನೆಗಳಿಗೆ ಸ್ವತ್ತು ವರ್ಗಾವಣೆ ಕಾಯ್ದೆ, 1882 ಮತ್ತು ನೀವು ಮಾಡಿಕೊಂಡ ಕರಾರೇ ಆಧಾರ.

ಕರಾರು ಪತ್ರ

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. 11 ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣಕ್ಕೆ. ಅವಧಿ ಚಿಕ್ಕದಾದರೂ ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಇಲ್ಲದಿದ್ದರೆ ಕೊರತೆಯ ಶುಲ್ಕವನ್ನೂ ದಂಡವನ್ನೂ ಕಟ್ಟುವ ತನಕ ನ್ಯಾಯಾಲಯ ಆ ಪತ್ರವನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ.

ಬಾಡಿಗೆ, ಅಡ್ವಾನ್ಸ್, ವರ್ಷಕ್ಕೆ ಏರಿಕೆ ಎಷ್ಟು, ನೀರಿನ ಹಣ ಯಾರದು, ಸುಣ್ಣಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಖಾಲಿ ಮಾಡಿದ ಮೇಲೆ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸು ಕೊಡುತ್ತಾರೆ, ಎಲ್ಲವನ್ನೂ ಕರಾರಿನಲ್ಲಿ ಬರೆಸಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಸಾಕು ಎನ್ನುತ್ತದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ತಾನಾಗಿ ಜಾರಿಗೆ ಬರುವುದಿಲ್ಲ. ಹಾಗಾಗಿ ಕರಾರಿನಲ್ಲಿ ಅಡ್ವಾನ್ಸ್ ಕುರಿತ ಸಾಲುಗಳನ್ನು ಬಿಡಬೇಡಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಮನೆಗೆ ಬಂದ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದಿಡಿ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ.

ಭೋಗ್ಯದ ಮನೆಗೆ ಹೆಚ್ಚಿನ ಎಚ್ಚರ

ತಿಂಗಳ ಬಾಡಿಗೆಯ ತಲೆನೋವೇ ಬೇಡವೆಂದು ಲಕ್ಷಗಟ್ಟಲೆ ಹಣ ಕೊಟ್ಟು ಮನೆಯನ್ನು ಭೋಗ್ಯಕ್ಕೆ, ಅಂದರೆ ಲೀಸ್‌ಗೆ, ಹಾಕಿಸಿಕೊಳ್ಳುವವರು ಬಹಳ ಮಂದಿ. ತೋಟದ ಆದಾಯವೋ ನಿವೃತ್ತಿಯ ಹಣವೋ ಒಂದೇ ಸಲಕ್ಕೆ ಅಲ್ಲಿ ಹೋಗಿ ಕೂರುತ್ತದೆ. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ತಪ್ಪಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ಸ್ವಾಧೀನಕ್ಕೆ ಪಡೆದು ಹರಾಜು ಹಾಕಬಹುದು. ಆಗ ನೋಂದಣಿಯಾಗದ ಪತ್ರ ಹಿಡಿದ ಕುಟುಂಬಕ್ಕೆ ಬಹಳ ಕಡಿಮೆ ರಕ್ಷಣೆ ಸಿಗುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲು ಕಾವೇರಿ ಆನ್‌ಲೈನ್‌ನಲ್ಲಿ ಅಥವಾ ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ. ಖಾತೆ, ಕಂದಾಯ ರಸೀದಿಯಲ್ಲಿರುವ ಹೆಸರು ಮತ್ತು ಕರಾರಿಗೆ ಸಹಿ ಹಾಕುವವರ ಹೆಸರು ಒಂದೇ ಇದೆಯೇ ನೋಡಿ. ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಕೇಳಿ. ಭೋಗ್ಯದ ಪತ್ರವನ್ನು ನೋಂದಾಯಿಸಿಯೇ ಹಣ ಕೊಡಿ. ನೋಂದಣಿಯ ಖರ್ಚು ಉಳಿಸಲು ಹೋಗಿ ಗಂಟನ್ನೇ ಕಳೆದುಕೊಳ್ಳಬಾರದು.

ಬೀಗ ಹಾಕಿದರೆ?

ಕರಾರು ಮುಗಿದ ಮೇಲೂ ಮಾಲೀಕರು ಒಪ್ಪಿ ಬಾಡಿಗೆ ತೆಗೆದುಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. ಅದನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಡಿ 15 ದಿನಗಳ ನೋಟಿಸ್ ಬೇಕು. ಆಮೇಲೂ ನೀವು ಬಿಡದಿದ್ದರೆ ಮಾಲೀಕರು ನ್ಯಾಯಾಲಯಕ್ಕೇ ಹೋಗಬೇಕು. ಸಾಮಾನು ಹೊರಗೆಸೆಯುವುದು, ಬೀಗ ಜಡಿಯುವುದು ಕಾನೂನಿನ ದಾರಿಯಲ್ಲ. ಹಾಗೆ ಮಾಡಿದರೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಡಿ. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನಡಿ ಸ್ವಾಧೀನ ಮರಳಿ ಪಡೆಯಲು ಸಿವಿಲ್ ದಾವೆ ಹೂಡಬಹುದು. ಆದರೆ 6 ತಿಂಗಳೊಳಗೆ ಹೂಡಬೇಕು. ರಾಜಿ ಮಾತುಕತೆಯಲ್ಲೇ ಈ ಗಡುವು ಕಳೆದುಹೋಗದಿರಲಿ.

ಹೊಸ ವಿಳಾಸದ ಕೆಲಸಗಳು

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ನಿಮ್ಮ ಆಧಾರ್ ಬಿಡಿಸಿ, ಸೇವಾಸಿಂಧುವಿನಲ್ಲಿ ಹೊಸ ಮನೆಯದಕ್ಕೆ ಜೋಡಿಸಿ. ಬೆಸ್ಕಾಂ ದೂರುಗಳಿಗೆ 1912. ಪಡಿತರ ಚೀಟಿ ಊರಿನದಾದರೂ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಡಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು.

ಮತದಾರರ ಪಟ್ಟಿಯ ಸ್ಥಳಾಂತರಕ್ಕೆ ನಮೂನೆ 8 ತುಂಬಿ. ಕುಣಿಗಲ್ ವಿಧಾನಸಭಾ ಕ್ಷೇತ್ರ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅಲ್ಲಿಂದ ತುಮಕೂರು ನಗರಕ್ಕೆ ಬಂದವರ ಶಾಸಕರೂ ಬದಲು, ಸಂಸದರೂ ಬದಲು. ಎರಡೂ ಕಡೆ ಹೆಸರಿಟ್ಟುಕೊಳ್ಳಲು 1950ರ ಜನಪ್ರತಿನಿಧಿ ಕಾಯ್ದೆ ಬಿಡುವುದಿಲ್ಲ.

ನೆರವು ಎಲ್ಲಿ?

ವಕೀಲರ ಫೀಸಿಗೆ ಹೆದರಿ ಅಡ್ವಾನ್ಸ್ ಬಿಟ್ಟು ಬರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದ ಬಡವರಿಗೆ ಆದಾಯದ ಮಿತಿಯೊಳಗೆ ಈ ನೆರವು ಸಿಗುತ್ತದೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಕರಾರು, ರಸೀದಿ, ಬ್ಯಾಂಕ್ ವಿವರಗಳನ್ನು ಹಿಡಿದು ಹೋಗಿ. ಅರ್ಜಿ ಬರೆಯುವುದಕ್ಕೂ ಅಲ್ಲಿ ಸಹಾಯ ಮಾಡುತ್ತಾರೆ.