ಪ್ರೋಬಯಾಟಿಕ್ ಪುಡಿ ಏಕೆ ಬೇಡ, ರಾಗಿ ಸರಿ ಏಕೆ ಬೇಕು

ನಮ್ಮ ವೈದ್ಯಕೀಯ ನೆರವು ನಿಧಿಯ ಈ ಸಲದ ಮನವಿಯಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆಂದು ಪ್ರತ್ಯೇಕ ನೆರವು ಕೇಳಿದ್ದೇವೆ. ಅದನ್ನು ಓದಿದ ಕೆಲವು ದಾನಿಗಳು, "ಡಾಕ್ಟ್ರೇ, ಈಗ ಪ್ರೋಬಯಾಟಿಕ್ ಪುಡಿಯ ಪೊಟ್ಟಣ ಸಿಗುತ್ತವಲ್ಲ, ಅದನ್ನೇ ಕೊಂಡು ಹಂಚಬಾರದೇ?" ಎಂದು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನೆರವು ಸಮಿತಿಯ ವೈದ್ಯನಾಗಿ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರೋಬಯಾಟಿಕ್ ಎಂದರೆ ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ದೇಹಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಾಣು. ಅದರಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾವನ್ನು, ಅದಕ್ಕೆ ಆಹಾರವಾಗುವ ಒಂದು ಬಗೆಯ ನಾರಿನ ಜೊತೆ, ಏಳು ದಿನ ಕೊಟ್ಟಾಗ ಮೊದಲ ಎರಡು ತಿಂಗಳಲ್ಲಿ ರಕ್ತದ ನಂಜು ಅಥವಾ ಸಾವಿನ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ದೊಡ್ಡ ಸಾಧನೆ. ಆದರೆ ಅದು ಎದೆಹಾಲು ಕುಡಿಯುವ ಹಸುಗೂಸುಗಳ ವಿಷಯ. ಬ್ಯಾಕ್ಟೀರಿಯಾದ ತಳಿ ಬದಲಾದರೆ, ಮಗುವಿನ ವಯಸ್ಸು ಬದಲಾದರೆ, ಅದೇ ಫಲ ಸಿಗುತ್ತದೆಂದು ಹೇಳಲಾಗದು. ಆಫ್ರಿಕಾದ ಮಲಾವಿಯಲ್ಲಿ ತೀವ್ರ ಅಪೌಷ್ಟಿಕತೆಯ ಸುಮಾರು 800 ಮಕ್ಕಳಿಗೆ ಚಿಕಿತ್ಸೆಯ ಆಹಾರ ಕೊಟ್ಟು, ಅರ್ಧದಷ್ಟು ಮಕ್ಕಳ ಆಹಾರದಲ್ಲಿ ಇಂಥ ಬ್ಯಾಕ್ಟೀರಿಯಾ ಬೆರೆಸಿ ನೋಡಿದರು. 2009ರಲ್ಲಿ ಫಲಿತಾಂಶ ಬಂತು: ಚೇತರಿಸಿಕೊಂಡವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿಲ್ಲ.

ಮೇಲು ಆಹಾರದ ವಯಸ್ಸಿನ ಮಕ್ಕಳ ಬಗ್ಗೆ ನನಗೆ ಹೆಚ್ಚು ಮುಖ್ಯವೆನಿಸಿದ್ದು ಢಾಕಾದ ಮೀರ್‌ಪುರ ಕೊಳೆಗೇರಿಯ ಕೆಲಸ. ಅಪೌಷ್ಟಿಕ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ಅವರ ವಯಸ್ಸಿಗೆ ತಕ್ಕಂತೆ ಬಲಿಯದೆ, ಇನ್ನೂ ಎಳೆಯ ಶಿಶುವಿನದರಂತೆ ಉಳಿದಿರುತ್ತದೆ ಎಂಬುದು 2014ರಲ್ಲಿ ಗೊತ್ತಾಗಿತ್ತು. ಮುಂದೆ ಅಲ್ಲಿನ ತಹ್ಮೀದ್ ಅಹ್ಮದ್ ಮತ್ತು ಅಮೆರಿಕದ ಜೆಫ್ರಿ ಗೋರ್ಡನ್ ಅವರ ತಂಡಗಳು ಹೊರಗಿನಿಂದ ಬ್ಯಾಕ್ಟೀರಿಯಾ ಹಾಕದೆ, ಒಳಗಿರುವ ಒಳ್ಳೆಯವಕ್ಕೆ ಊಟ ಹಾಕಿ ನೋಡಿದವು. ಆ ಊಟ ಯಾವುದು ಗೊತ್ತೇ? ಕಡಲೆ ಹಿಟ್ಟು, ಸೋಯಾ ಹಿಟ್ಟು, ಶೇಂಗಾ, ಬಾಳೆಕಾಯಿ! ಜೊತೆಗೆ ಎಣ್ಣೆ, ಸಕ್ಕರೆ, ಜೀವಸತ್ವಗಳು. 12ರಿಂದ 18 ತಿಂಗಳ ಮಕ್ಕಳಿಗೆ ಮೂರು ತಿಂಗಳು ಕೊಟ್ಟಾಗ, ರೂಢಿಯ ಪೂರಕ ಆಹಾರಕ್ಕಿಂತ ಇದರಲ್ಲಿ ಕ್ಯಾಲರಿ ಕಡಿಮೆ ಇದ್ದರೂ ಮಕ್ಕಳು ಹೆಚ್ಚು ಚೆನ್ನಾಗಿ ಮೈದುಂಬಿಕೊಂಡರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ನಮ್ಮ ಮನೆಯ ಸರಿ ಆ ಮಿಶ್ರಣಕ್ಕೆ ಸಮವೆಂದು ಹೇಳಲಾರೆ. ಆದರೂ ದಾರಿ ಅದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ದೇಶದಲ್ಲಿ ಈ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 11 ಮಕ್ಕಳಿಗೆ ಮಾತ್ರ ತಕ್ಕಷ್ಟು ಆಹಾರ ಸಿಗುತ್ತಿದೆ.

ಮುಂಬಯಿಯ ಕಟ್ಟಡ ಕೆಲಸದ ಜಾಗಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ತಾಯಂದಿರನ್ನು ನೋಡುತ್ತಿರುತ್ತೇನೆ. ಗಂಜಿ ಗಟ್ಟಿಯಾದರೆ ಕೂಸು ನುಂಗದು ಎಂದು ನೀರು ಬೆರೆಸುತ್ತಾರೆ. ಆರೂವರೆ ಕಿಲೋ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದೇ ಸುಮಾರು 200 ಮಿ.ಲೀ.; ಅದರಲ್ಲಿ ಬಹುಪಾಲು ನೀರಾದರೆ ಮಗು ಬೆಳೆಯುವುದು ಹೇಗೆ? ಆ ನೀರು ಶುದ್ಧವಿಲ್ಲದಿದ್ದರೆ ಭೇದಿ ಬೇರೆ. ಅದು ಮತ್ತೆ ಮತ್ತೆ ಬಂದರೆ ಕರುಳಿನ ಒಳಪದರ ಸವೆದು, ತಿಂದದ್ದೂ ಮೈಗೆ ಹತ್ತುವುದಿಲ್ಲ.

ಮೊಳಕೆ ಬರಿಸಿ, ಒಣಗಿಸಿ, ಬೀಸಿದ ರಾಗಿ ಹಿಟ್ಟು ಇಲ್ಲಿ ಉಪಕಾರಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಇದರ ಮೇಲೆ ದಶಕಗಳ ಹಿಂದೆಯೇ ಕೆಲಸ ಮಾಡಿದೆ. ನಮ್ಮ ಅಜ್ಜಿಯಂದಿರು ಅದಕ್ಕೂ ಮೊದಲೇ ಮಾಡುತ್ತಿದ್ದರೆನ್ನಿ. ಜೋಳ ಉಣ್ಣುವ ಮನೆಯವರಿಗೆ, ಬೆಂದ ಜೋಳದ ಗಂಜಿಗೆ ಈ ಹಿಟ್ಟು ಒಂದು ಚಮಚ ಕಲಸಿ ಮತ್ತೊಂದು ಕುದಿ ಬರಿಸಲು ಹೇಳುತ್ತೇವೆ. ಜೊತೆಗೆ ಹುರಿಗಡಲೆ ಪುಡಿ, ಶೇಂಗಾ ಪುಡಿ, ತುಸು ಎಣ್ಣೆ. ಇಡೀ ಶೇಂಗಾ ಕೂಡದು, ಗಂಟಲಿಗೆ ಸಿಕ್ಕೀತು. ಎದೆಹಾಲು ಎರಡು ವರ್ಷ ಮುಂದುವರಿಯಲಿ. ಬಾಟಲಿ ಬೇಡ, ಲೋಟ-ಚಮಚ ಸಾಕು. ಪಾದ ಊದಿದ, ಊಟ ಬೇಡವೆನ್ನುವ ಮಗುವನ್ನು ಮಾತ್ರ ತಡಮಾಡದೆ ಆಸ್ಪತ್ರೆಗೆ ಸೇರಿಸುತ್ತೇವೆ. ಆ ಖರ್ಚೂ ಈ ನಿಧಿಯದೇ.

ಹಾಗಾಗಿ ತಮ್ಮ ದೇಣಿಗೆಯಿಂದ ಪೊಟ್ಟಣ ಕೊಳ್ಳುವುದಿಲ್ಲ. ಮೊಳಕೆ ರಾಗಿ ಹಿಟ್ಟು, ಕಡಲೆ, ಶೇಂಗಾ, ಎಣ್ಣೆ, ನೀರು ಕುದಿಸಿಡಲು ಮುಚ್ಚಳವಿರುವ ಪಾತ್ರೆ, ಪ್ರತಿ ತಿಂಗಳು ಮಕ್ಕಳನ್ನು ತೂಗಲು ಒಂದು ತಕ್ಕಡಿ ಕೊಳ್ಳುತ್ತೇವೆ. ತೂಕದ ದಿನ ಬಂದು ಲೆಕ್ಕ ಬರೆದುಕೊಳ್ಳಬಲ್ಲ ಸದಸ್ಯರು ಕಚೇರಿಯಲ್ಲಿ ಹೆಸರು ಕೊಟ್ಟರೆ ಉಪಕಾರವಾಗುತ್ತದೆ.